ಷಡ್ಜ ಮುಟ್ಟದ ಪಿಟೀಲು

ಕೃಷ್ಣಗಿರಿಯ ಸಂಗೀತ ಸಭೆಗೆ ಅರ್ಜಿ ಹಾಕಲು ನಾಗಲಕ್ಷ್ಮಿ ಮನೆಯ ಹತ್ತಿರದ ಮೂಕಂಡಪಲ್ಲಿಯ ಅಂಚೆ ಕಚೇರಿಯನ್ನು ಬಿಟ್ಟು ಹೊಸೂರು ಬಸ್‌ಸ್ಟ್ಯಾಂಡಿನ ಹತ್ತಿರದ ಕಚೇರಿಗೆ ಹೋದಳು. ನಲವತ್ತೆರಡು ವರ್ಷದ ಹೆಂಗಸು, ಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವ ಮೇಡಂ, ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳು. ಆದರೂ ಲಕೋಟೆಯನ್ನು ಡಬ್ಬಿಗೆ ಬಿಡುವಾಗ ಅತ್ತಿತ್ತ ನೋಡಿದಳು. ಯಾರಾದರೂ ಕಂಡು ಮುರಳಿಕೃಷ್ಣನ ಕಿವಿಗೆ ಹಾಕಿದರೆ? ಮುರಳಿಕೃಷ್ಣ ಅವಳ ಗಂಡನಲ್ಲ, ಒಡಹುಟ್ಟಿದವನಲ್ಲ, ಮೇಲಧಿಕಾರಿಯೂ ಅಲ್ಲ. ಹೊಸೂರು ತಂತಿ ಬಳಗದ ಮೊದಲನೇ ಪಿಟೀಲು ಅವನು. ಅವಳು ಎರಡನೆಯದು. ಹತ್ತೊಂಬತ್ತು ವರ್ಷದಿಂದ ಎರಡನೆಯದು.

ಅವಳಿಗೆ ಬೇಕಾಗಿದ್ದು ಬಹಳವೇನಲ್ಲ. ಮಾವಿನ ಕಾಲದಲ್ಲಿ ಆ ಸಭೆ ನಡೆಸುವ ಉತ್ಸವದಲ್ಲಿ ಒಂದು ಸಂಜೆ ಜಿಲ್ಲೆಯ ಒಬ್ಬ ಕಲಾವಿದರಿಗೆ ಮೀಸಲು. ಒಂದು ಗಂಟೆ, ಒಬ್ಬರೇ, ಪಕ್ಕದಲ್ಲಿ ಮೃದಂಗ ಬಿಟ್ಟರೆ ಇನ್ಯಾರೂ ಇಲ್ಲ. ಆ ಒಂದು ಗಂಟೆ ಸಿಕ್ಕಿಬಿಟ್ಟರೆ ಬಳಗ ಬಿಡುತ್ತೇನೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಬರುತ್ತದೆ. ಸಿಗದಿದ್ದರೆ ಈ ಜನ್ಮಕ್ಕೆ ಬರುವುದಿಲ್ಲ. ಹಾಗೆಂದು ಅವಳು ನಂಬಿದ್ದಳು.

ಬಳಗ ಹುಟ್ಟಿದ ಕಥೆಯನ್ನು ಕೇಳಿದರೆ ನಗು ಬರುತ್ತದೆ. ಇಲ್ಲಿನ ಒಂದು ಕಾರ್ಖಾನೆಗೆ ಯಂತ್ರ ಕೂರಿಸಲು ಬಂದ ಪರದೇಶದ ಎಂಜಿನಿಯರೊಬ್ಬ ಮೂರು ವರ್ಷ ಇದ್ದು, ಹೋಗುವಾಗ ಪಿಟೀಲಿಗಿಂತ ತುಸು ದೊಡ್ಡದಾದ ಒಂದು ವಯೋಲಾ, ಎದೆಯೆತ್ತರದ ಒಂದು ಚೆಲ್ಲೊ ಎರಡನ್ನೂ ಪಕ್ಕದ ಮನೆಯ ಪಿಟೀಲು ಮೇಷ್ಟ್ರು ರಾಮಕೃಷ್ಣಪ್ಪನವರಿಗೆ ಕೊಟ್ಟುಹೋದ. ಮೇಷ್ಟ್ರು ಆ ಎರಡನ್ನೂ ಒಂದು ವಾರ ಗೋಡೆಗೆ ಒರಗಿಸಿ ನೋಡಿದರು. ಎಂಟನೇ ದಿನ ತಂತಿಗಳನ್ನು ನಮ್ಮ ಶ್ರುತಿಗೆ ಇಳಿಸಿ, ಶಿಷ್ಯರಲ್ಲಿ ನಾಲ್ವರನ್ನು ಕರೆದು ಕೂರಿಸಿದರು. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮುರಳಿಕೃಷ್ಣನಿಗೆ ಮೊದಲನೇ ಪಿಟೀಲು. ನಾಗಲಕ್ಷ್ಮಿಗೆ ಎರಡನೆಯದು. ಮಂಡ್ಯದ ಕಡೆಯಿಂದ ಅಪ್ಪನ ನೌಕರಿಯ ಹಿಂದೆ ಬಂದಿದ್ದ ನಂದಿತಾಗೆ ವಯೋಲಾ. ಡೆಂಕಣಿಕೋಟೆ ಪಕ್ಕದ ಹಳ್ಳಿಯಲ್ಲಿ ರಾಗಿ ಬೆಳೆಯುವ ಚಿರಂಜೀವಿಗೆ ಚೆಲ್ಲೊ. ಹಳ್ಳಿಯವರು ಅದನ್ನು ಆನೆ ಪಿಟೀಲು ಎಂದು ಕರೆದರು. ಹೊಲಕ್ಕೆ ನುಗ್ಗುವ ಆನೆಗಳನ್ನು ದಿನವೂ ಬೈಯುವ ಚಿರಂಜೀವಿಗೆ ಆ ಹೆಸರು ಒಗ್ಗಲೇ ಇಲ್ಲ.

ಚೆಲ್ಲೊ ನುಡಿಸುವವನು ನೆಲದ ಮೇಲೆ ಕೂರಲಾರ, ಕುರ್ಚಿ ಬೇಕು. ಮಿಕ್ಕ ಮೂವರು ಜಮಖಾನದ ಮೇಲೆ. ಹೀಗಾಗಿ ಎಲ್ಲಿ ಹೋದರೂ ಚಿರಂಜೀವಿಯೇ ಯಜಮಾನನೆಂದು ಜನ ಹಾರ ತಂದು ಅವನ ಕೊರಳಿಗೆ ಹಾಕುತ್ತಿದ್ದರು. ಮುರಳಿಕೃಷ್ಣನ ಮುಖ ಹುಳ್ಳಗಾಗುತ್ತಿತ್ತು. ಕೊನೆಗೆ ಮೂವರಿಗೆ ಒಂದು ಅಡಿ ಎತ್ತರದ ಹಲಗೆ ಮಾಡಿಸಿ, ಚಿರಂಜೀವಿಯ ಕುರ್ಚಿಯ ಕಾಲುಗಳನ್ನು ಕೊಯ್ಸಿದ ಮೇಲೆ ಶಾಂತಿ ನೆಲೆಸಿತು.

ಮೊದಲ ಮದುವೆ ಬಾಗಲೂರಿನಲ್ಲಿ. ಹೆಣ್ಣಿನ ಕಡೆಯವರು ಡೀಸೆಂಟಾಗಿರಲಿ ಎಂದು ಓಲಗ ಬೇಡವೆಂದು ಇವರನ್ನು ಕರೆಸಿದ್ದರು. ತಾಳಿ ಕಟ್ಟುವ ಗಳಿಗೆಯಲ್ಲಿ ಸೀನಿನ ಸದ್ದು, ಮಗುವಿನ ಅಳು ಯಾರ ಕಿವಿಗೂ ಬೀಳಬಾರದೆಂದು ಓಲಗದವರು ಗಟ್ಟಿಮೇಳ ಬಾರಿಸುವುದುಂಟಲ್ಲ, ಅದನ್ನು ನಾಲ್ಕು ಪಿಟೀಲುಗಳು ಎಲ್ಲಿಂದ ತರಬೇಕು? ಪುರೋಹಿತರು ಬೆರಳಾಡಿಸಿದರು, ಇವರು ನಾಜೂಕಾಗಿ ಮಧ್ಯಮಾವತಿ ಎಳೆದರು, ಗಂಡಿನ ಸೋದರಮಾವ ಇಡೀ ಛತ್ರಕ್ಕೆ ಕೇಳುವಂತೆ ಸೀನಿದ. ಆಮೇಲೆ ನಡೆದದ್ದನ್ನು ಬರೆಯುವ ಹಾಗಿಲ್ಲ. ಅಂದಿನಿಂದ ಮುಹೂರ್ತದ ಹೊತ್ತಿಗೆ ನಾಲ್ವರೂ ಎಲ್ಲಾ ತಂತಿಗಳ ಮೇಲೂ ಕಮಾನನ್ನು ಗರಗಸದಂತೆ ಎಳೆಯುವುದು ರೂಢಿಯಾಯಿತು. ನಾಗಲಕ್ಷ್ಮಿ ಮನಸಾರೆ ಜೋರಾಗಿ ನುಡಿಸುತ್ತಿದ್ದುದು ಆ ಅರ್ಧ ನಿಮಿಷ ಮಾತ್ರ. ಅದೂ ಒಂದು ಸೀನು ಕೇಳದಿರಲಿ ಎಂದು!

ನಿಧಾನವಾಗಿ ಹೆಸರು ಬಂತು. ಮದುವೆಗಳು, ಕಾರ್ಖಾನೆಗಳ ಆಯುಧಪೂಜೆ, ಹೈವೇ ಬದಿಯ ಹೋಟೆಲಿನಲ್ಲಿ ಪ್ರತಿ ಶನಿವಾರ ಸಂಜೆ. ಒಮ್ಮೆ ಚೆನ್ನೈಗೆ ಹೋದರು. ಇದು ಕರ್ನಾಟಕ ಸಂಗೀತವೇ ಅಲ್ಲ ಎಂದರು. ಬೆಂಗಳೂರಿಗೆ ಹೋದರು. ಇದು ವೆಸ್ಟರ್ನ್ ಅಲ್ಲ ಎಂದರು. ಎರಡೂ ಊರಿನವರಿಂದ ಅನ್ನಿಸಿಕೊಂಡು ಹೊಸೂರಿಗೆ ಬಂದು ಶನಿವಾರದ ಹೋಟೆಲಿನಲ್ಲಿ ಕೂತರು. ಅಲ್ಲಿ ತಿನ್ನುವವರು ಏನೂ ಅನ್ನುತ್ತಿರಲಿಲ್ಲ.

ಮೇಷ್ಟ್ರು ಇವರಿಗೆ ಕಲಿಸಿದ ರೀತಿಯೇ ಬೇರೆ. ಒಂದೇ ರಾಗವನ್ನು ನಾಲ್ಕು ಪಾಲು ಮಾಡಿ ಒಬ್ಬೊಬ್ಬರ ಕೈಗೆ ಒಂದೊಂದು ಪಾಲು ಕೊಟ್ಟರು. ಚಿರಂಜೀವಿ ಕೆಳಗಿನ ಸ್ವರ ಹಿಡಿದು ನೆಲ ಹಾಕಬೇಕು. ನಂದಿತಾ ನಡುವೆ ತುಂಬಬೇಕು. ನಾಗಲಕ್ಷ್ಮಿ ರಾಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿಕೊಂಡು ಹೋಗಿ ನಿಷಾದದಲ್ಲಿ ನಿಲ್ಲಬೇಕು. ಅದರ ಮುಂದಿನ ಷಡ್ಜ, ಹಾಡು ಮನೆಗೆ ಬಂತು ಎಂದು ಕೇಳುವವರು ಉಸಿರು ಬಿಡುವ ಆ ಸ್ವರ, ಮುರಳಿಕೃಷ್ಣನದು. ಒಮ್ಮೆ ಇಪ್ಪತ್ಮೂರು ವರ್ಷದ ನಾಗಲಕ್ಷ್ಮಿ ಮೈಮರೆತು ತಾನೇ ಷಡ್ಜ ಹಿಡಿದಾಗ ಮೇಷ್ಟ್ರು ಕಮಾನಿನಿಂದ ಅವಳ ಬೆರಳಿಗೆ ತಟ್ಟಿದ್ದರು.

"ನೀನು ಮುಗಿಸ್ಬಾರ್ದು ಕಣಮ್ಮ. ಮುಗಿಸೋದು ಅವನು. ನೀನು ಅಲ್ಲೀಗಂಟ ಕರ್ಕಂಡ್ಬಂದು ಕೈ ಬಿಡ್ಬೇಕು."

ಅವಳು ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ ಮೇಷ್ಟ್ರು ತೀರಿಕೊಂಡು ಹನ್ನೊಂದು ವರ್ಷವಾದರೂ ಆ ಬೆರಳು ಷಡ್ಜದ ಕಡೆ ಹೋಗಲಿಲ್ಲ. ಏನನ್ನೂ ಬರೆದಿಟ್ಟಿರಲಿಲ್ಲ. ಮೇಷ್ಟ್ರು ಬಾಯಿಂದ ಹೇಳಿದ್ದು, ಇವರು ಕೈಗೆ ಹಾಕಿಕೊಂಡದ್ದು, ಅಷ್ಟೇ. ಎರಡನೇ ಪಿಟೀಲಿನ ಪಾಲು ಈ ಭೂಮಿಯ ಮೇಲೆ ನಾಗಲಕ್ಷ್ಮಿಯ ಎರಡು ಕೈಗಳಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅವಳು ಹೋದರೆ ಬಳಗಕ್ಕೆ ಇನ್ನೊಬ್ಬಳನ್ನು ತಂದು ಕೂರಿಸುವ ಹಾಗೂ ಇರಲಿಲ್ಲ.

ಎಂಟು ವರ್ಷದ ಹಿಂದೆ ಒಮ್ಮೆ ಹೇಳಿಯೂ ಇದ್ದಳು. ಮುರಳಿಕೃಷ್ಣನ ಮನೆಯ ಮಹಡಿಯ ಮೇಲಿನ ಶೀಟು ಹಾಕಿದ ಹಾಲಿನಲ್ಲಿ ದಿನವೂ ಆರೂವರೆಗೆ ಅಭ್ಯಾಸ. ಅಂದು ಶ್ರುತಿ ಸೇರಿಸುವ ಮೊದಲೇ, "ಮುರಳಣ್ಣ, ನಾನು ಇನ್ಮೇಲೆ ಬರೋಕಾಗಲ್ಲ" ಎಂದಳು. ಅವನು ಬೈಯಲಿಲ್ಲ. ಯಾಕೆ ಎಂದು ಕೇಳಲೂ ಇಲ್ಲ. ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, "ಹಂಗಾದ್ರೆ ಬಳಗಕ್ಕೆ ಇವತ್ತಿಗೆ ಬಾಗ್ಲು ಹಾಕ್ಬಿಡಾಣ" ಎಂದ. ಇಪ್ಪತ್ತೈದು ಕಿಲೋಮೀಟರ್ ಬೈಕಿನಲ್ಲಿ ಬಂದಿದ್ದ ಚಿರಂಜೀವಿ ತಲೆ ತಗ್ಗಿಸಿ ಕೂತ. ನಂದಿತಾ ಕಮಾನಿಗೆ ರಾಳ ತಿಕ್ಕುತ್ತಲೇ ಇದ್ದಳು, ಮುಕ್ಕಾಲು ಗಂಟೆ. ಯಾರೂ ಎದ್ದು ಹೋಗಲಿಲ್ಲ. ಮಾರನೆಯ ದಿನ ನಾಗಲಕ್ಷ್ಮಿಯೇ ಕಜ್ಜಾಯ ಮಾಡಿಕೊಂಡು ಮೆಟ್ಟಿಲು ಹತ್ತಿದಳು. ಯಾರೂ ಆ ಮಾತೆತ್ತಲಿಲ್ಲ. ಬೈದಿದ್ದರೆ ಅವಳು ಖಂಡಿತ ಬಿಟ್ಟುಹೋಗುತ್ತಿದ್ದಳು. ಬೈಯದವರನ್ನು ಬಿಟ್ಟು ಹೋಗುವುದು ಹೇಗೆ?

ಅದಕ್ಕೇ ಈಗ ಈ ಕಳ್ಳತನ. ಕೃಷ್ಣಗಿರಿಯಿಂದ ಆಯ್ಕೆಗೆ ಬರುವಂತೆ ಪತ್ರ ಬಂದಾಗ ಅದನ್ನು ಓದಿದ್ದು ಗಂಡ ಕುಮಾರೇಶ್ ಒಬ್ಬನೇ.

"ನುಡ್ಸಾಕೆ ಹೋಗ್ತಾ ಇದೀಯೋ, ಯಾರ ಮನೆ ಗೋಡೆ ಹಾರಾಕೆ ಹೋಗ್ತಾ ಇದೀಯೋ? ಒಂದ್ಸಲ ಕನ್ನಡಿ ನೋಡ್ಕ" ಎಂದು ನಕ್ಕ. ಆಮೇಲೆ ಮೆತ್ತಗೆ, "ಹೋಗ್ಬುಟ್ಟು ಬಾ. ನಿನ್ ಕೈಯಾಗೆ ಏನೈತೆ ಅಂತ ನಿನಗೂ ಗೊತ್ತಾಗ್ಲಿ" ಎಂದ.

ಎರಡು ತಿಂಗಳು ಮನೆಯಲ್ಲಿ ಕಲ್ಯಾಣಿ ರಾಗವನ್ನು ಸಾಧನೆ ಮಾಡಿದಳು. ಬೆಳಿಗ್ಗೆ ಅಡುಗೆ ಮುಗಿಸಿ, ಶಾಲೆಗೆ ಹೊರಡುವ ಮೊದಲು ಒಂದು ಗಂಟೆ. ಕುಮಾರೇಶ್ ಶಿಫ್ಟು ಮುಗಿಸಿ ಬಂದು ಗೋಡೆಗೆ ಒರಗಿ ಕೇಳುತ್ತಿದ್ದ. ಸೊಗಸಾಗಿದೆ ಎನ್ನುತ್ತಿದ್ದ. ಸುಳ್ಳಲ್ಲ, ಅವನಿಗೆ ಸೊಗಸಾಗಿಯೇ ಕೇಳುತ್ತಿತ್ತು. ಅವಳಿಗೂ ಅಷ್ಟೇ.

ಒಂದು ಭಾನುವಾರ ಬೆಳಿಗ್ಗೆ ಸೀರೆಯ ಅಂಗಡಿಯ ದೊಡ್ಡ ಚೀಲದಲ್ಲಿ ಪಿಟೀಲಿನ ಪೆಟ್ಟಿಗೆಯನ್ನು ಮುಚ್ಚಿಕೊಂಡು ಕೃಷ್ಣಗಿರಿಯ ಬಸ್ಸು ಹತ್ತಿದಳು. ಶೂಳಗಿರಿ ದಾಟಿದ ಮೇಲೆ ಚೀಲವನ್ನು ತೆಗೆದು ಮಡಿಚಿದಳು. ಪೆಟ್ಟಿಗೆ ತೊಡೆಯ ಮೇಲೆ ಬರಿಮೈಯಲ್ಲಿ ಕೂತಿತು. ಕಿಟಕಿಯಿಂದ ಗಾಳಿ ಬಂತು. ಎಷ್ಟೋ ವರ್ಷದ ಮೇಲೆ ಅವಳಿಗೆ ನಗಬೇಕೆನ್ನಿಸಿತು. ಒಬ್ಬಳೇ ನಕ್ಕಳು.

ಸಭೆಯ ಹಾಲಿನಲ್ಲಿ ಮೂರೇ ಜನ. ಬಾಗಿಲಲ್ಲಿ "ವಾಂಗಮ್ಮ, ವಾಂಗ" ಎಂದು ಕರೆದ ಕಾರ್ಯದರ್ಶಿ, ಮೃದಂಗ ಹಿಡಿದು ಕೂತ ಒಬ್ಬ ಮಧ್ಯವಯಸ್ಕ, ಮತ್ತು ಆಯ್ಕೆ ಮಾಡಲು ಬಂದ ಆದಿಲಕ್ಷ್ಮಮ್ಮ. ಎಪ್ಪತ್ತು ದಾಟಿದ ವೀಣೆ ಟೀಚರು, ಜಿಲ್ಲೆಯ ಅರ್ಧದಷ್ಟು ಸಂಗೀತದ ಮೇಡಂಗಳು ಅವರ ಕೈಯಲ್ಲಿ ಪೆಟ್ಟು ತಿಂದವರೇ. ಹೊಸೂರಿನವಳು ಎಂದ ಕೂಡಲೇ ಕನ್ನಡದಲ್ಲಿ ಮಾತಾಡಿದರು.

"ಕೂತ್ಕೊಳ್ಳಮ್ಮ. ಹತ್ತು ನಿಮಿಷ ಆಲಾಪನೆ ಮಾಡು, ಸಾಕು. ಅವಸರ ಬ್ಯಾಡ."

ಶ್ರುತಿಪೆಟ್ಟಿಗೆ ಹಾಕಿದರು. ನಾಗಲಕ್ಷ್ಮಿ ಕಣ್ಣು ಮುಚ್ಚಿ ಕಲ್ಯಾಣಿಯನ್ನು ಶುರುಮಾಡಿದಳು. ಗಾಂಧಾರ ನಿಂತಿತು, ಮಧ್ಯಮ ಹೊಳೆಯಿತು, ಆದಿಲಕ್ಷ್ಮಮ್ಮ "ಆಹಾ" ಎಂದದ್ದು ಕಿವಿಗೆ ಬಿತ್ತು. ಏರುತ್ತಾ ಏರುತ್ತಾ ನಿಷಾದಕ್ಕೆ ಬಂದಳು. ನಿಂತಳು. ಕಮಾನನ್ನು ತಂತಿಯಿಂದ ಎತ್ತಿದಳು.

ಹಾಲಿನಲ್ಲಿ ಶ್ರುತಿಯ ಗುಂಯ್ ಎನ್ನುವ ಸದ್ದು ಮಾತ್ರ ಉಳಿಯಿತು.

ಅವಳು ಮತ್ತೆ ಕೆಳಗಿನಿಂದ ಹೊರಟಳು. ಇನ್ನೂ ಚೆನ್ನಾಗಿ ಬಂತು. ಮತ್ತೆ ನಿಷಾದ, ಮತ್ತೆ ಕಮಾನು ಗಾಳಿಯಲ್ಲಿ. ಮೂರನೇ ಸಲ ಹೀಗೆ ನಿಂತಾಗ ಯಾಕೋ ಕಣ್ಣು ತೆರೆದಳು. ಮೃದಂಗದವನು ಬಾಗಿಲ ಕಡೆ ನೋಡುತ್ತಿದ್ದ. ಇನ್ಯಾರೋ ಬರಬೇಕಾಗಿದೆ, ತಡವಾಗಿದೆ ಎನ್ನುವ ಹಾಗೆ.

ಆಗ ಅವಳಿಗೆ ತಿಳಿಯಿತು. ಎರಡು ತಿಂಗಳು ಮನೆಯಲ್ಲೂ ಹೀಗೇ ನುಡಿಸಿದ್ದಳು. ನಿಂತ ಕಡೆಯಲ್ಲೆಲ್ಲ ಮುರಳಿಕೃಷ್ಣನ ಪಿಟೀಲು ಅವಳ ಕಿವಿಯೊಳಗೇ ನುಡಿದಿತ್ತು. ಹತ್ತೊಂಬತ್ತು ವರ್ಷ ಕೇಳಿದ ಕುಮಾರೇಶನ ಕಿವಿಯಲ್ಲೂ ನುಡಿದಿತ್ತು. ಇಬ್ಬರಿಗೂ ಕೊರತೆ ಕಂಡಿರಲಿಲ್ಲ.

"ಯಾಕಮ್ಮ ನಿಲ್ಸ್‌ತೀಯಾ? ಮುಂದಕ್ಕೆ ಹೋಗು" ಎಂದರು ಆದಿಲಕ್ಷ್ಮಮ್ಮ.

"ಹೋಗ್ತೀನಮ್ಮ."

ನಾಲ್ಕನೇ ಸಲ ಹಟ ಹಿಡಿದು ಹೊರಟಳು. ಕಲ್ಯಾಣಿಯಲ್ಲಿ ನಿಷಾದಕ್ಕೂ ಷಡ್ಜಕ್ಕೂ ನಡುವೆ ತಂತಿಯ ಮೇಲೆ ಒಂದು ಅವರೆಕಾಳಿನಷ್ಟು ಜಾಗವೂ ಇಲ್ಲ. ಬೆರಳು ಜಾರಿಸಿದರೆ ಸಾಕು. ಜಾರಿಸಿದಳು. ಬೆರಳು ಹೋಯಿತು, ಕಮಾನು ಹೋಗಲಿಲ್ಲ. ಬಲಗೈ ಮೊಣಕೈಯಲ್ಲೇ ಗಟ್ಟಿಯಾಗಿ ನಿಂತುಬಿಟ್ಟಿತು. ಬಲವಂತವಾಗಿ ಎಳೆದಾಗ ಬಂದದ್ದು ಸ್ವರವಲ್ಲ, ಕೀರಲು. ಮಕ್ಕಳು ಮೊದಲ ದಿನ ಪಿಟೀಲು ಹಿಡಿದಾಗ ಬರುತ್ತದಲ್ಲ, ಅದು.

ಆದಿಲಕ್ಷ್ಮಮ್ಮ ಕನ್ನಡಕ ತೆಗೆದರು. "ನಿನ್ ಜೊತೇಲಿ ಯಾರು ನುಡಿಸ್ತಾರೆ?"

"ಮುರಳಿಕೃಷ್ಣ ಅಂತ. ಇನ್ನಿಬ್ಬರು ಇದಾರೆ. ಹೊಸೂರು ತಂತಿ ಬಳಗ."

"ಎಷ್ಟು ವರ್ಷ ಆಯ್ತು?"

"ಹತ್ತೊಂಬತ್ತು."

ಮುದುಕಿ ಏನನ್ನೋ ಬರೆದುಕೊಂಡರು. ಗದರಿಸಲಿಲ್ಲ. ಕಾಫಿ ಕುಡಿದು ಹೋಗು ಎಂದರು. ನಾಗಲಕ್ಷ್ಮಿ ಕುಡಿಯಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಪೆಟ್ಟಿಗೆಗೆ ಮತ್ತೆ ಚೀಲ ಹಾಕಿದಳು. ನಾಚಿಕೆಗಿಂತ ಸಿಟ್ಟು ಹೆಚ್ಚಾಗಿತ್ತು. ತೀರಿಹೋದ ಮೇಷ್ಟ್ರ ಮೇಲೆ, ತನ್ನ ಬಲಗೈಯ ಮೇಲೆ, ಎಲ್ಲಕ್ಕಿಂತ ಮುರಳಿಕೃಷ್ಣನ ಮೇಲೆ. ಷಡ್ಜವೆಲ್ಲ ಅವನದು. ಅವನು ಯಾವಾಗ ಬೇಕಾದರೂ ಎದ್ದು ಹೋಗಬಲ್ಲ, ಎಲ್ಲಿ ಬೇಕಾದರೂ ಕೂತು ನುಡಿಸಬಲ್ಲ. ಹೋಗುತ್ತಿಲ್ಲ, ಅಷ್ಟೇ. ದೊಡ್ಡ ಮನಸ್ಸು ಮಾಡಿ ಇವರ ಜೊತೆ ಇದ್ದಾನೆ. ಅತ್ತಿಬೆಲೆ ಬಸ್ಸಿನ ಕಂಡಕ್ಟರು ಜನರನ್ನು ಕೂಗಿ ಕರೆಯುವವರೆಗೂ ಅವಳಿಗೆ ಹೊಸೂರು ಬಂದದ್ದೇ ಗೊತ್ತಾಗಲಿಲ್ಲ.

ಒಂಬತ್ತು ದಿನ ಕಳೆಯಿತು. ಅಭ್ಯಾಸಕ್ಕೆ ಹೋದಳು, ಶನಿವಾರ ಹೋಟೆಲಿಗೆ ಹೋದಳು. ಯಾರಿಗೂ ಏನೂ ಹೇಳಲಿಲ್ಲ. ಹತ್ತನೇ ದಿನ ಮಹಡಿ ಹತ್ತಿದಾಗ ಮುರಳಿಕೃಷ್ಣ ಕಾರ್ಖಾನೆಯ ಸಮವಸ್ತ್ರದಲ್ಲೇ ನಿಂತಿದ್ದ. ಕೈಯಲ್ಲಿ ಮೊಬೈಲು, ಮುಖ ಅರಳಿತ್ತು.

"ಕೃಷ್ಣಗಿರಿ ಸಭೆಯಿಂದ ಫೋನ್ ಬಂದಿತ್ತು. ಕಾರ್ಯದರ್ಶಿ ಮಾತಾಡಿದ್ರು. ಉತ್ಸವದಾಗೆ ಒಂದ್ ಸಂಜೆ ನಮ್ಗೆ ಕೊಟ್ಟವ್ರೆ. ಒಂದು ಗಂಟೆ. ನಾಲ್ಕೂ ಜನಕ್ಕೆ." ಅವನು ನಂದಿತಾಳ ಕಡೆ, ಚಿರಂಜೀವಿಯ ಕಡೆ ತಿರುಗಿದ. "ಒಬ್ಬರಿಗೇ ಅಂತ ಇದ್ದ ನಿಯಮಾನ ನಮಗೋಸ್ಕರ ತೆಗ್ದುಬಿಟ್ರಂತೆ. ನಮ್ಮ ನಾಗಲಕ್ಷ್ಮಿ ಹೋಗಿ ನಮ್ಮೆಲ್ಲರ ಪರವಾಗಿ ನುಡಿಸ್ಬಂದವ್ಳೆ! ಆ ಅಮ್ಮ ಹೇಳಿದ್ರಂತೆ, ಇವಳು ಅರ್ಧ ನುಡಿಸಿದ್ದೇ ಇಷ್ಟು ಚೆನ್ನಾಗಿದೆ, ಮಿಕ್ಕ ಅರ್ಧ ಯಾರ ಹತ್ರ ಐತೆ, ಅವರ್ನೂ ಕರೀರಿ ಅಂತ."

ನಂದಿತಾ ಎದ್ದು ಬಂದು ಅವಳನ್ನು ತಬ್ಬಿಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಬಳಗವನ್ನು ಒಂದು ಸಂಗೀತ ಸಭೆ ಕರೆದದ್ದು ಇದೇ ಮೊದಲು. ಎಲ್ಲರೂ ಮಾತಾಡತೊಡಗಿದರು. ಯಾವ ರಾಗ, ಎಷ್ಟು ಹೊತ್ತಿಗೆ ಹೊರಡುವುದು, ಆನೆ ಪಿಟೀಲನ್ನು ಯಾವ ವ್ಯಾನಿನಲ್ಲಿ ಸಾಗಿಸುವುದು. ನಾಗಲಕ್ಷ್ಮಿ ನಡುವೆ ನಿಂತು ನಕ್ಕಳು. ಅವಳು ಕೇಳಿಕೊಂಡದ್ದು ಹೊರಗೆ ಹೋಗುವ ಬಾಗಿಲನ್ನು. ಆ ಬಾಗಿಲಲ್ಲೇ ಈ ಮೂವರನ್ನೂ ಕೂರಿಸಿ ಕೊಟ್ಟಿದ್ದರು.

"ನಾನು ನಿಮ್ ಪರವಾಗಿ ಹೋಗಿರ್ಲಿಲ್ಲ" ಎಂದಳು.

ಮುರಳಿಕೃಷ್ಣ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ನಿಮ್ನೆಲ್ಲ ಬಿಟ್ಟುಹೋಗಾಕೆ ಹೋಗಿದ್ದೆ ಮುರಳಣ್ಣ. ಒಬ್ಳೇ ನುಡಿಸಾಣ ಅಂತ. ಆಗ್ಲಿಲ್ಲ. ನಿಷಾದದ ಮುಂದಕ್ಕೆ ಕೈ ಹೋಗ್ಲೇ ಇಲ್ಲ. ಅರ್ಧ ನುಡಿಸ್ದೆ ಅಂತ ಆ ಅಮ್ಮ ಹೇಳಿದ್ದು ಅದನ್ನೇ."

ಈಗಲಾದರೂ ಬೈಯುತ್ತಾರೆ ಎಂದು ಕಾದಳು. ಬೈಯಲಿ, ಹೋಗು ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಚಿರಂಜೀವಿ ತನ್ನ ಗಿಡ್ಡ ಕುರ್ಚಿಯಲ್ಲಿ ಕೂತು ಬಟ್ಟೆಯಿಂದ ಚೆಲ್ಲೊ ಒರೆಸುತ್ತಿದ್ದ. ತಲೆ ಎತ್ತದೆಯೇ ಹೇಳಿದ.

"ನಾನು ಸೇಲಂಗೆ ಹೋಗಿದ್ದೆ ಅಕ್ಕ. ಆರು ವರ್ಷ ಆಯ್ತು. ಒಂದು ಆರ್ಕೆಸ್ಟ್ರಾದವ್ರು ಕರ್ದಿದ್ರು. ನುಡ್ಸು ಅಂದ್ರು. ಒಂದೇ ಸ್ವರ ಹಿಡ್ಕಂಡು ಕೂತಿದ್ದೆ. ಹಾಡು ಎಲ್ಲಪ್ಪಾ ಅಂದ್ರು. ಏನ್ ಹೇಳಾದು? ಹೊಲಕ್ಕೆ ಆನೆ ಬಂದೈತೆ ಅಂತ ನಿಮ್ಗೆಲ್ಲ ಸುಳ್ಳು ಹೇಳಿದ್ದೆ."

ನಂದಿತಾ ಹೂಜಿಯಿಂದ ನೀರು ಬಗ್ಗಿಸಲು ಹೋದಳು, ಲೋಟ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ಬಗ್ಗಿಸುತ್ತಲೇ ಇದ್ದಳು. ಅವಳು ಎಲ್ಲಿಗೆ ಹೋಗಿದ್ದಳೆಂದು ಯಾರೂ ಕೇಳಲಿಲ್ಲ.

ನಾಗಲಕ್ಷ್ಮಿ ಮುರಳಿಕೃಷ್ಣನನ್ನು ನೋಡಿದಳು. ಅವನ ಮುಖದ ಗೆಲುವು ಹೋಗಿ ವಯಸ್ಸು ಕಾಣುತ್ತಿತ್ತು. ನಲವತ್ತೇಳು ಇರಬೇಕು.

"ನಾನು ಎರಡ್ ಸಲ ಹೋಗಿದ್ದೆ ಕಣಮ್ಮ" ಎಂದ. "ಬೆಂಗಳೂರಿಗೆ. ನೀನು ಬಿಟ್ಟೋಗ್ತೀನಿ ಅಂದ್ಯಲ್ಲ, ಅದಕ್ಕೆ ಮೊದ್ಲು ಒಂದ್ಸಲ, ಆಮೇಲೆ ಒಂದ್ಸಲ. ತಂಬೂರಿ ಇತ್ತು, ಶ್ರುತಿ ಇತ್ತು. ಷಡ್ಜ ಎಲ್ಲೈತೆ ಅಂತ ಕಿವಿಗೆ ಕೇಳಿಸ್ತಾ ಇತ್ತು. ಆದ್ರೆ ಕೈ ಹೋಗಲ್ಲ. ನೀನು ಬಂದು ನಿಷಾದದಾಗೆ ನಿಂತ್ರೇನೇ ನನ್ ಕೈ ಏಳೋದು. ನಾನು ಕಮಾನು ಹಿಡ್ಕಂಡು ನಿನ್ ದಾರಿ ಕಾಯ್ತಾ ಕೂತಿದ್ದೆ. ಒಂದು ಸ್ವರಾನೂ ನುಡಿಸ್ಲಿಲ್ಲ. ನೀನು ಅರ್ಧಾನಾದ್ರೂ ನುಡಿಸ್ಬಂದೆ."

ಅವನು ಇದನ್ನು ಸಮಾಧಾನಕ್ಕೆ ಹೇಳಿದ್ದ. ಒಳ್ಳೆಯ ಮನುಷ್ಯ, ಬೇರೆ ಯಾತಕ್ಕೂ ಹೇಳುವವನಲ್ಲ. ಆದರೆ ನಾಗಲಕ್ಷ್ಮಿಗೆ ಸಮಾಧಾನವಾಗಲಿಲ್ಲ. ಇಷ್ಟು ವರ್ಷ ಅವಳು ಒಬ್ಬನ ಮೇಲೆ ಸಿಟ್ಟು ಮಾಡಿಕೊಂಡು ಬದುಕಿದ್ದಳು. ಬೀಗದ ಕೈ ಅವನ ಸೊಂಟದಲ್ಲಿದೆ, ಇಂದಲ್ಲ ನಾಳೆ ಕಿತ್ತುಕೊಂಡೇನು ಎಂದುಕೊಂಡಿದ್ದಳು. ಕೊನೆಯ ಪಕ್ಷ ನಾಲ್ವರಲ್ಲಿ ಒಬ್ಬನಾದರೂ ಹೊರಗಿದ್ದಾನೆ ಎಂದು ನಂಬಿದ್ದಳು. ಅವನೂ ಒಳಗೇ ಇದ್ದ. ಬೀಗ ಹಾಕಿದ ಮೇಷ್ಟ್ರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು, ಅವರಿಗೂ ಇದು ಬೀಗವೆಂದು ತಿಳಿದಿರಲಿಲ್ಲ. ಅವರು ಸಂಗೀತ ಹೇಳಿಕೊಟ್ಟಿದ್ದರು, ಅಷ್ಟೇ. ಇನ್ನು ಸಿಟ್ಟು ಮಾಡಿಕೊಳ್ಳಲು ಯಾರೂ ಉಳಿದಿರಲಿಲ್ಲ.

ಕೆಳಗೆ ಬೀದಿಯಲ್ಲಿ ಎರಡನೇ ಶಿಫ್ಟಿನ ಬಸ್ಸು ಹಾರ್ನ್ ಹೊಡೆಯಿತು. ನಂದಿತಾ ನೆಲದ ಮೇಲೆ ಚೆಲ್ಲಿದ ನೀರನ್ನು ಒರೆಸಿ ತನ್ನ ಜಾಗಕ್ಕೆ ಬಂದಳು.

"ಕಲ್ಯಾಣೀನೇ ಇಟ್ಕಳಾಣ, ಅಲ್ವಾ?" ಎಂದ ಮುರಳಿಕೃಷ್ಣ. "ಅವ್ರು ಅದನ್ನೇ ಕೇಳವ್ರೆ."

ಚಿರಂಜೀವಿ ನೆಲ ಹಾಕಿದ. ನಾಗಲಕ್ಷ್ಮಿ ಪಿಟೀಲನ್ನು ಎದೆಗೊರಗಿಸಿಕೊಂಡು ಗಾಂಧಾರದಿಂದ ಹೊರಟು, ಮಧ್ಯಮ ದಾಟಿ, ನಿಷಾದಕ್ಕೆ ಬಂದು ನಿಂತಳು. ಕಮಾನು ಎತ್ತಿದಳು. ಈ ಸಲ ಕಣ್ಣು ತೆರೆದೇ ಇದ್ದಳು, ಮುರಳಿಕೃಷ್ಣನ ಕೈಯನ್ನೇ ನೋಡುತ್ತಿದ್ದಳು. ಅವಳು ನಿಂತ ಕ್ಷಣಕ್ಕೆ ಸರಿಯಾಗಿ ಅವನ ಮೊಣಕೈ ಸಡಿಲವಾಯಿತು, ಷಡ್ಜ ಬಂತು. ತುಂಬಾ ಚೆನ್ನಾಗಿತ್ತು. ಇಷ್ಟು ಚೆನ್ನಾಗಿರದಿದ್ದರೆ ಎದ್ದು ಹೋಗಬಹುದಿತ್ತು ಎಂದುಕೊಂಡು ಅವಳು ಮತ್ತೆ ಕೆಳಗಿನಿಂದ ಶುರುಮಾಡಿದಳು.